ಕೋರ್ಸ್‌ವರ್ಕ್ ಮುಗೀತು, ಇನ್ನು ಏನು ಕಲಿಯಬೇಕು? ಪಿಎಚ್‌ಡಿಯವರಿಗೆ ಕಡ್ಡಾಯವಲ್ಲದ ತರಬೇತಿಗಳ ಬಗ್ಗೆ

ಕೆರೆಏರಿ (ಇತಿಹಾಸ, 2ನೇ ವರ್ಷ)

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್‌ಡಿ ವಿಷಯ ಕೋಲಾರ ಸೀಮೆಯ ಕೆರೆ ಶಾಸನಗಳು. ಕೆರೆ ಕಟ್ಟಿಸಿದವರು ಯಾರು, ತೂಬು ಒಡೆದರೆ ರಿಪೇರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಅನ್ನುವ ಕೆರೆ ದತ್ತಿಗಳಲ್ಲಿ ಯಾರಿಗೆ ಎಷ್ಟು ಭೂಮಿ ಬಿಟ್ಟರು, ಇದನ್ನೆಲ್ಲ ಹುಡುಕುತ್ತಿದ್ದೇನೆ.

ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿ ಶುರುವಿನ ಕಡ್ಡಾಯ ಪಾಠಗಳು, ಮುಗಿದು ನಾಲ್ಕು ತಿಂಗಳಾಯಿತು. ಸಂಶೋಧನಾ ವಿಧಾನದ ಪೇಪರ್, 2 ಕ್ರೆಡಿಟ್‌ನ ಸಂಶೋಧನಾ ನೀತಿಯ ಪೇಪರ್, ಎಲ್ಲಾ ಪಾಸಾಗಿದೆ. ಆದರೆ ಕೆಲಸಕ್ಕೆ ಕೂತರೆ ಬೇಕಾದ ವಿದ್ಯೆ ಯಾವುದೂ ಕೈಯಲ್ಲಿಲ್ಲ. ಕಲ್ಲಿನ ಮೇಲಿನ ಅಕ್ಷರ ಓದಲು ಬರುವುದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳ ಸರಣಿಯ ಕೋಲಾರ ಸಂಪುಟದಲ್ಲಿ ಅಚ್ಚಾಗಿರುವ ಪಾಠವನ್ನೇ ನಂಬಿಕೊಂಡಿದ್ದೇನೆ. ಅದು 1905ರದ್ದು. ನಮ್ಮ ಕಡೆ ಚೋಳರ ಕಾಲದ ತಮಿಳು ಶಾಸನಗಳೂ ಬೇಕಾದಷ್ಟಿವೆ, ಅವಂತೂ ನನಗೆ ಕಬ್ಬಿಣದ ಕಡಲೆ. ಊರುಗಳನ್ನು ನಕ್ಷೆಯ ಮೇಲೆ ಗುರುತಿಸಬೇಕು, ಆ ಸಾಫ್ಟ್‌ವೇರ್ ಗೊತ್ತಿಲ್ಲ. ಅಡಿಟಿಪ್ಪಣಿಗಳನ್ನು ಈಗಲೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ.

ಇನ್ನೊಂದು ಕಡೆ ವಾಟ್ಸಾಪ್‌ನಲ್ಲಿ ದಿನಕ್ಕೆ ಎರಡು ಪೋಸ್ಟರ್ ಬರುತ್ತವೆ. ಏಳು ದಿನದ ಆನ್‌ಲೈನ್ ಕಾರ್ಯಾಗಾರ, ಕೊನೆಗೆ ಇ-ಸರ್ಟಿಫಿಕೇಟ್. ಕಳೆದ ವರ್ಷ ಅಂಥ ಐದಕ್ಕೆ ದುಡ್ಡು ಕಟ್ಟಿ ಕೂತೆ. ಐದೂ ಸರ್ಟಿಫಿಕೇಟ್ ಇವೆ. ಅಲ್ಲಿ ಕಲಿತದ್ದು ಯಾವುದೂ ಒಂದು ಸಲವೂ ಉಪಯೋಗಕ್ಕೆ ಬರಲಿಲ್ಲ.

ಗೈಡ್ ಹೇಳುವುದು ಒಂದೇ ಮಾತು: "ಮೊದಲು ಚಾಪ್ಟರ್ ಬರಿ, ಆಮೇಲೆ ಉಳಿದದ್ದು." ಅವರ ಮೇಲೆ ನನಗೆ ಗೌರವ ಇದೆ. ಆದರೆ ಓದಲು ಬಾರದ ಶಾಸನದ ಮೇಲೆ ಚಾಪ್ಟರ್ ಬರೆಯುವುದು ಹೇಗೆ? ನೀವೆಲ್ಲ ಕೋರ್ಸ್‌ವರ್ಕ್ ಆಚೆಗೆ ಏನು ಕಲಿತಿರಿ, ಯಾವಾಗ, ಎಲ್ಲಿ? ದಯವಿಟ್ಟು ವಿವರವಾಗಿ ಹೇಳಿ.

ಹಸಿರೆಲೆ (ಸಸ್ಯವಿಜ್ಞಾನ, 5ನೇ ವರ್ಷ)

ನಿಮ್ಮ ಪೋಸ್ಟ್ ಓದಿ ನನ್ನ ಎರಡನೇ ವರ್ಷ ನೆನಪಾಯಿತು. ನನ್ನದು ಬೇರೆ ವಿಷಯ, ಆದರೂ ಬರೆಯುತ್ತೇನೆ. ತಡವಾಗಿ ಕಲಿತರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಪ್ರಯೋಗದಲ್ಲಿ ಒಂದೊಂದು ಬಗೆಯ ಗೊಬ್ಬರಕ್ಕೆ ಮೂರು ಕುಂಡ. ಒಂದೊಂದು ಕುಂಡದಿಂದ ಹತ್ತು ಎಲೆ ತೆಗೆದು ಅಳೆದೆ. ಒಟ್ಟು 30 ಅಳತೆ ಸಿಕ್ಕಿತು, ಸ್ಯಾಂಪಲ್ 30 ಅಂತಲೇ ಬರೆದುಕೊಂಡೆ. ಎರಡು ವರ್ಷ ಹಾಗೇ ಪ್ರಯೋಗ ನಡೆಯಿತು. ಮೂರನೇ ವರ್ಷ ಒಂದು ಅಂಕಿಅಂಶದ ಕಾರ್ಯಾಗಾರಕ್ಕೆ ಹೋದೆ. ಯಾರೂ ಹೋಗು ಅಂದಿರಲಿಲ್ಲ, ನಾನಾಗಿಯೇ ಹೋದದ್ದು. ಅಲ್ಲಿ ಪಾಠ ಮಾಡಿದವರು ಎಲ್ಲರ ಡೇಟಾ ಒಂದೊಂದಾಗಿ ಪರದೆ ಮೇಲೆ ಹಾಕಿ ನೋಡಿದರು. ನನ್ನದು ನೋಡಿ, "ಗೊಬ್ಬರ ಹಾಕಿದ್ದು ಎಲೆಗೋ, ಕುಂಡಕ್ಕೋ?" ಅಂತ ಕೇಳಿದರು. ಕುಂಡಕ್ಕೆ. ಹಾಗಾದರೆ ನನ್ನ ಸ್ಯಾಂಪಲ್ ಮೂವತ್ತಲ್ಲ, ಮೂರು. ಒಂದೇ ಕುಂಡದ ಹತ್ತು ಎಲೆಗಳು ಒಂದೇ ಮನೆಯ ಮಕ್ಕಳ ಹಾಗೆ. ಅವುಗಳನ್ನು ಹತ್ತು ಬೇರೆ ಬೇರೆ ಸಾಕ್ಷಿ ಅಂತ ಎಣಿಸುವ ಹಾಗಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಂದು ಪೂರ್ತಿ ಹಂಗಾಮಿನ ಪ್ರಯೋಗ ಮತ್ತೆ ಮಾಡಬೇಕಾಯಿತು, ಈ ಸಲ ಕುಂಡಗಳನ್ನು ಜಾಸ್ತಿ ಇಟ್ಟು. ಇದೇ ಮಾತನ್ನು ಮೊದಲ ವರ್ಷ ಯಾರಾದರೂ ಹೇಳಿದ್ದರೆ ಒಂದು ಹಾಳೆಯಲ್ಲಿ ಪ್ಲಾನ್ ಬದಲಿಸಿದರೆ ಸಾಕಾಗುತ್ತಿತ್ತು.

ಇನ್ನೊಂದು ವಿಷಯವೂ ಅಲ್ಲೇ ಗೊತ್ತಾಯಿತು. ಏನೂ ವ್ಯತ್ಯಾಸವೇ ಇಲ್ಲದ ಕಡೆ 0.05 ಮಟ್ಟದಲ್ಲಿ (ನೂರಕ್ಕೆ ಐದು ಸಲ ಸುಳ್ಳು ಫಲಿತಾಂಶ ಬರಬಹುದಾದ ಮಟ್ಟ) 20 ಬೇರೆ ಬೇರೆ ಪರೀಕ್ಷೆ ಮಾಡಿದರೆ, ಒಂದಾದರೂ ಸುಳ್ಳೇ "ಮಹತ್ವದ ವ್ಯತ್ಯಾಸ" ಅಂತ ಬರುವ ಸಾಧ್ಯತೆ ಸುಮಾರು 64 ಶೇಕಡಾ. ನಾನು ಇಪ್ಪತ್ತಕ್ಕಿಂತ ಜಾಸ್ತಿ ಪರೀಕ್ಷೆ ಮಾಡಿದ್ದೆ. ಕೋರ್ಸ್‌ವರ್ಕ್ ಪೇಪರ್‌ನಲ್ಲಿ ಟಿ-ಟೆಸ್ಟ್ ಸೂತ್ರ ಬರೆದು ಒಳ್ಳೆ ಅಂಕ ತಗೊಂಡವಳೇ ನಾನು. ಸೂತ್ರ ಗೊತ್ತಿತ್ತು, ಅದು ನನ್ನ ಕುಂಡಗಳಿಗೆ ಹೇಗೆ ಅನ್ವಯ ಆಗುತ್ತದೆ ಅಂತ ಗೊತ್ತಿರಲಿಲ್ಲ.

ಅದಕ್ಕೇ ಈಗ ಯಾವುದೇ ತರಬೇತಿಗೆ ಅರ್ಜಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ನನ್ನದೇ ಡೇಟಾ ತರಬಹುದಾ? ತರಬಹುದು ಅಂದರೆ ರಜೆ ಹಾಕಿಯಾದರೂ ಹೋಗುತ್ತೇನೆ.

ವಿಜ್ಞಾನದವರು ಇಲ್ಲಿದ್ದರೆ: ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆಯ 'ಸ್ತುತಿ' ಯೋಜನೆ, ಸರ್ಬ್ (ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ) ಶುರು ಮಾಡಿದ 'ಕಾರ್ಯಶಾಲಾ' ಮತ್ತು 'ವೃತಿಕಾ' ಬಗ್ಗೆ ತಿಳಿದುಕೊಳ್ಳಿ. ನಮ್ಮ ಲ್ಯಾಬ್‌ನಲ್ಲಿ ಇಲ್ಲದ ಉಪಕರಣಗಳನ್ನು ಕೈಯಿಂದ ಮುಟ್ಟಿ ಕಲಿಯುವ ಅವಕಾಶ ಇಂಥ ಕಡೆ ಸಿಗುತ್ತದೆ. ಈಗ ಅರ್ಜಿ ಕರೆಯುತ್ತಿದ್ದಾರಾ ಅಂತ ಕಣ್ಣಿಟ್ಟಿರಬೇಕು ಅಷ್ಟೆ.

ಸಂತೆಪೇಟೆ (ಸಮಾಜಶಾಸ್ತ್ರ, ಪಿಎಚ್‌ಡಿ ಮುಗಿದಿದೆ, ಸರ್ಕಾರಿ ಕಾಲೇಜಿನಲ್ಲಿ ಪಾಠ)

ಕೆರೆಏರಿ ಅವರೇ, ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ನೆರವಿನಲ್ಲಿ ಹತ್ತು ದಿನದ ಸಂಶೋಧನಾ ವಿಧಾನ ಕೋರ್ಸ್‌ಗಳು ನಡೆಯುತ್ತವೆ. ಬೇರೆ ಬೇರೆ ವಿಶ್ವವಿದ್ಯಾಲಯ, ಸಂಸ್ಥೆಗಳು ನಡೆಸಿಕೊಡುತ್ತವೆ. ನಾನು ಹೋದ ಕಡೆ ಊಟ ವಸತಿ ಅವರೇ ನೋಡಿಕೊಂಡರು. ಗೈಡ್ ಅಥವಾ ವಿಭಾಗದ ಮುಖ್ಯಸ್ಥರ ಸಹಿ ಬೇಕಾಗುತ್ತದೆ.

ಅಲ್ಲಿನ ಎಲ್ಲಾ ಉಪನ್ಯಾಸಗಳೂ ಚೆನ್ನಾಗಿದ್ದವು ಅಂತ ಹೇಳಲಾರೆ. ಆದರೆ ಸಂಜೆ ಊಟ ಆದಮೇಲೆ ಬೇರೆ ಬೇರೆ ರಾಜ್ಯದ ಮೂವತ್ತು ಜನ ಕೂತು ಒಬ್ಬರ ಪ್ರಶ್ನಾವಳಿ ಇನ್ನೊಬ್ಬರು ಓದುತ್ತಿದ್ದೆವು. ನನ್ನ ಪ್ರಶ್ನಾವಳಿಯಲ್ಲಿ "ನಿಮ್ಮ ಮನೆಯಲ್ಲಿ ನಿರ್ಧಾರ ಯಾರು ತಗೊಳ್ಳುತ್ತಾರೆ?" ಅಂತ ಇತ್ತು. ಒಡಿಶಾದ ಹುಡುಗಿಯೊಬ್ಬಳು ಕೇಳಿದಳು, "ಅಕ್ಕ, ಯಾವ ನಿರ್ಧಾರ? ಎಮ್ಮೆ ಮಾರುವುದಾ, ಮಗಳ ಮದುವೆಯಾ?" ಆ ಒಂದು ಪ್ರಶ್ನೆಯನ್ನು ಒಡೆದು ಏಳು ಮಾಡಿದೆ. ನನ್ನ ಥೀಸಿಸ್‌ನ ನಾಲ್ಕನೇ ಚಾಪ್ಟರ್ ನಿಂತಿರುವುದೇ ಆ ಏಳು ಪ್ರಶ್ನೆಗಳ ಮೇಲೆ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ನಮ್ಮಲ್ಲಿ ತುಂಬಾ ಜನ ಕ್ಷೇತ್ರಕಾರ್ಯ ಮುಗಿಸಿ, ಡೇಟಾವನ್ನು ಪೇಟೆಯಲ್ಲಿ "ಅನಾಲಿಸಿಸ್ ಮಾಡಿಕೊಡುವವರ" ಕೈಗೆ ಕೊಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಟೇಬಲ್‌ಗಳು ಚೆನ್ನಾಗಿ ಬಂದವು. ವಿಭಾಗದ ಸೆಮಿನಾರ್‌ನಲ್ಲಿ ಹಿರಿಯರೊಬ್ಬರು, "ಟೇಬಲ್‌ನ ಈ ಚೌಕಗಳಲ್ಲಿ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ ಇದೆಯಲ್ಲಮ್ಮ, ಇಲ್ಲಿ ಕೈ-ಸ್ಕ್ವೇರ್ ಪರೀಕ್ಷೆ ಹೇಗೆ ಹಾಕಿದೆ?" ಅಂದರು. ಉತ್ತರ ಬಾಯಿಗೆ ಬರಲಿಲ್ಲ. ಹಾಕಿದ್ದು ನಾನಲ್ಲವಲ್ಲ. ಆಮೇಲೆ ಎರಡು ತಿಂಗಳು ಕೂತು ಎಲ್ಲವನ್ನೂ ನಾನೇ ಮತ್ತೆ ಮಾಡಿದೆ. ವೈವಾದಲ್ಲಿ (ಥೀಸಿಸ್‌ನ ಮೌಖಿಕ ಪರೀಕ್ಷೆ) ಅದೇ ಟೇಬಲ್ ಬಗ್ಗೆ ಹತ್ತು ನಿಮಿಷ ಮಾತಾಡಿದೆ, ಧೈರ್ಯವಾಗಿ.

ಎಲ್ಲದಕ್ಕೂಅರ್ಜಿ (ವಾಣಿಜ್ಯ, 3ನೇ ವರ್ಷ)

ನನ್ನ ಅಭಿಪ್ರಾಯ ಬೇರೆ. ಸರ್ಟಿಫಿಕೇಟ್ ಬೇಡ ಅನ್ನುವುದು ಸುಲಭ. ನಾಳೆ ಸಂದರ್ಶನಕ್ಕೆ ಹೋದಾಗ ಫೈಲ್ ತೆರೆದು ನೋಡುತ್ತಾರೆ. ಎಷ್ಟು ಕಾರ್ಯಾಗಾರ, ಎಷ್ಟು ಸೆಮಿನಾರ್ ಅಂತ ಎಣಿಸುತ್ತಾರೆ. ನನ್ನ ಹತ್ತಿರ 40ಕ್ಕೂ ಜಾಸ್ತಿ ಇವೆ. ನಮ್ಮಂಥವರಿಗೆ ಬೇರೆ ದಾರಿ ಏನಿದೆ?

ಸಂತೆಪೇಟೆ

ನಿಮ್ಮ ಆತಂಕ ನಿಜ, ಅದನ್ನು ಹಗುರವಾಗಿ ತಗೊಳ್ಳುವುದಿಲ್ಲ. ಆದರೆ ಒಂದು ಗೊಂದಲ ಬಿಡಿಸಿಕೊಳ್ಳಿ. ಈಗಾಗಲೇ ಕೆಲಸದಲ್ಲಿರುವ ಅಧ್ಯಾಪಕರಿಗೆ ಬಡ್ತಿಗಾಗಿ ಓರಿಯೆಂಟೇಶನ್, ರಿಫ್ರೆಶರ್ ಕೋರ್ಸ್‌ಗಳು ಬೇಕಾಗುತ್ತವೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲೇ ಅದಿದೆ. ನೀವು ಇನ್ನೂ ವಿದ್ಯಾರ್ಥಿ. ಎಷ್ಟೋ ಕಾರ್ಯಾಗಾರಗಳು ಅಧ್ಯಾಪಕರ ಈ ಅಗತ್ಯ ನೋಡಿಕೊಂಡು ಹುಟ್ಟಿದವು, ಅದಕ್ಕೆ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಾರೆ. ನಾನು ಎದುರಿಸಿದ ಸಂದರ್ಶನಗಳಲ್ಲಿ ಫೈಲ್ ತಿರುಗಿಸಿದ್ದು ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಥೀಸಿಸ್ ಬಗ್ಗೆ ಕೇಳಿದರು. ನಲವತ್ತರಲ್ಲಿ ನಿಮ್ಮ ಕೆಲಸವನ್ನೇ ಬದಲಿಸಿದ ಎರಡನ್ನು ಆರಿಸಿಕೊಂಡು ಅದರ ಬಗ್ಗೆ ಮಾತಾಡಲು ತಯಾರಾಗಿ.

ತೊಗರಿನಾಡು (ಅತಿಥಿ ಉಪನ್ಯಾಸಕ, ಪಾರ್ಟ್‌ಟೈಮ್ ಪಿಎಚ್‌ಡಿ, ಅರ್ಥಶಾಸ್ತ್ರ)

ನಮಸ್ಕಾರ್ರೀ. ಎಲ್ಲರೂ ಹತ್ತು ದಿನ, ಏಳು ದಿನ ಅಂತ ಬರೆಯುತ್ತಿದ್ದೀರಿ. ನನ್ನಂಥವರ ಕಥೆಯೂ ಸ್ವಲ್ಪ ಕೇಳ್ರಿ.

ನಾನು ಕಲಬುರಗಿ ಕಡೆಯ ತಾಲ್ಲೂಕು ಕೇಂದ್ರದಲ್ಲಿ ಅತಿಥಿ ಉಪನ್ಯಾಸಕ. ಕ್ಲಾಸ್ ತಪ್ಪಿದರೆ ದುಡ್ಡು ಕಡಿತ. ಫೆಲೋಶಿಪ್ ಇಲ್ಲ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಬಂದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ಇದೆ, ಅವರಿಗೆ ಖುಷಿಯಾಗಲಿ. ನನಗೆ ಬೆಂಗಳೂರಿಗೆ ಹೋಗಿಬರುವ ಖರ್ಚು, ಹೋದ ದಿನಗಳ ಕಡಿತ, ಎರಡೂ ಸೇರಿದರೆ ಮನೆಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ತರಬೇತಿ ಕಡ್ಡಾಯ ಅಲ್ಲ, ಬೇಕಾದವರು ಬರಬಹುದು ಅಂತಾರೆ. ಬರಲಿಕ್ಕೆ ಆಗುವವರಿಗೆ ಮಾತ್ರ ಅದು ಆಯ್ಕೆ. ನಮಗೆ ಅದು ಮುಚ್ಚಿದ ಬಾಗಿಲು.

ಹಾಗಂತ ಸುಮ್ನೆ ಕೂತಿಲ್ಲ. ಸ್ವಯಂ ಮತ್ತು ಎನ್‌ಪಿಟೆಲ್ ಅನ್ನುವ ಆನ್‌ಲೈನ್ ತಾಣಗಳಲ್ಲಿ ಕೋರ್ಸ್ ನೋಡಲು ದುಡ್ಡು ಕೊಡಬೇಕಾಗಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ. ಒಂದು 12 ವಾರದ ಅರ್ಥಮಿತಿ (ಎಕನಾಮೆಟ್ರಿಕ್ಸ್) ಕೋರ್ಸ್ ಪೂರ್ತಿ ಬಸ್ಸಿನಲ್ಲಿ ನೋಡಿ ಮುಗಿಸಿದೆ. ಬೆಳಿಗ್ಗೆ ಐವತ್ತು ನಿಮಿಷ, ಸಂಜೆ ಐವತ್ತು ನಿಮಿಷ. ಮನೆ ವೈಫೈನಲ್ಲಿ ರಾತ್ರಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ. ಸುಮಾರು ಹತ್ತು ನಿಮಿಷದ ಚಿಕ್ಕ ಚಿಕ್ಕ ವಿಡಿಯೋಗಳು, ಎಲ್ಲಾ ಉಚಿತ ಸಾಫ್ಟ್‌ವೇರ್‌ಗಳ ಮೇಲೆ. ಹಲವು ಪಾಠಗಳು ಕನ್ನಡದಲ್ಲೂ ಡಬ್ ಆಗಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಅದು ದೊಡ್ಡ ಆಸರೆ ಆಯಿತು. ಒಂದು ಕಡೆ ವಿಡಿಯೋ, ಪಕ್ಕದಲ್ಲಿ ಸಾಫ್ಟ್‌ವೇರ್ ತೆರೆದುಕೊಂಡು ಅವರು ಮಾಡಿದ್ದನ್ನು ಹಾಗೇ ಮಾಡುತ್ತಾ ಹೋಗುವುದು.

ಆದರೆ ಬಸ್ಸಿನಲ್ಲಿ ಕಲಿಯುವಾಗ ಒಂದು ಕೊರತೆ. ತಪ್ಪಿದಾಗ ಹೇಳುವವರು ಯಾರೂ ಇಲ್ಲ. ಹಸಿರೆಲೆ ಅವರಿಗೆ ಸಿಕ್ಕಂಥ ಆ ಒಂದು ಪ್ರಶ್ನೆ ವಿಡಿಯೋದಿಂದ ಬರುವುದಿಲ್ಲ. ಅದಕ್ಕೆ ವಿಶ್ವವಿದ್ಯಾಲಯಗಳು ತಿಂಗಳಿಗೊಂದು ಭಾನುವಾರ ಆನ್‌ಲೈನ್‌ನಲ್ಲಿ ಎರಡು ಗಂಟೆ, "ನಿಮ್ಮ ಡೇಟಾ ತನ್ನಿ, ನೋಡೋಣ" ಅಂತ ಕೂತರೆ ಸಾಕು. ಕಟ್ಟಡ ಬೇಡ, ಬ್ಯಾನರ್ ಬೇಡ, ಉದ್ಘಾಟನೆ ಬೇಡ.

ಹಸಿರೆಲೆ

ಅಣ್ಣಾ, ಆ ಭಾನುವಾರಕ್ಕೆ ವಿಶ್ವವಿದ್ಯಾಲಯ ಯಾಕೆ ಕಾಯಬೇಕು? ಅಂಕಿಅಂಶದ 'ಆರ್' ಸಾಫ್ಟ್‌ವೇರ್ ಬಗ್ಗೆ ಆದರೆ ನಾನು ಕೂರುತ್ತೇನೆ. ನಿಮ್ಮ ಫೈಲ್ ಕಳಿಸಿ.

ಹಳೆಬೆಂಚು (ಪ್ರಾಧ್ಯಾಪಕ, ಸಂಶೋಧನಾ ಮಾರ್ಗದರ್ಶಕ)

ಇಲ್ಲಿ ಮಾತಾಡುತ್ತಿರುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ನಾನು ಇನ್ನೊಂದು ಕಡೆಯವನು. "ಮೊದಲು ಚಾಪ್ಟರ್ ಬರಿ" ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಯಾಕೆ ಹೇಳುತ್ತೇವೆ ಅಂತ ಪ್ರಾಮಾಣಿಕವಾಗಿ ಬರೆಯುತ್ತೇನೆ.

ನನ್ನ ಹತ್ತಿರ ಒಬ್ಬ ಒಳ್ಳೆಯ ಹುಡುಗ ಇದ್ದ. ಬುದ್ಧಿವಂತ, ಶ್ರಮಜೀವಿ. ಒಂದಾದ ಮೇಲೊಂದು ಕಾರ್ಯಾಗಾರಕ್ಕೆ ಹೋದ. ಪ್ರತಿ ಸಲ ಹೊಸ ಹುರುಪಿನಿಂದ ಬರುತ್ತಿದ್ದ, ಪ್ರತಿ ಸಲ ವಿಷಯ ಸ್ವಲ್ಪ ಬದಲಾಗುತ್ತಿತ್ತು. ಆರು ವರ್ಷ ಕಳೆಯಿತು, ಬರವಣಿಗೆ ಮುಗಿಯಲಿಲ್ಲ. 2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೂ, ಶೇಕಡಾ 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ ಎರಡು ವರ್ಷ ರಿಯಾಯಿತಿ ಇದೆ. ನಂತರ ಏನೂ ಮಾಡಲು ಬರುವುದಿಲ್ಲ. ಆ ಹುಡುಗನ ಮುಖ ಕಣ್ಣ ಮುಂದೆ ಇಟ್ಟುಕೊಂಡು ಉಳಿದವರಿಗೆಲ್ಲ "ಬೇಡ" ಅಂದೆ. ಈಗ ಯೋಚಿಸಿದರೆ ಅದೂ ತಪ್ಪು. ಅವನಿಗೆ ಬೇಕಾಗಿದ್ದುದು ತರಬೇತಿ ನಿಲ್ಲಿಸುವುದಲ್ಲ, ಯಾವುದು ಈ ಥೀಸಿಸ್‌ಗೆ ಬೇಕು ಅಂತ ಜೊತೆಗೆ ಕೂತು ನೋಡುವವರು. ಅದನ್ನು ನಾನು ಮಾಡಬೇಕಿತ್ತು.

ಅದೇ 2022ರ ನಿಯಮದಲ್ಲಿ ಇನ್ನೊಂದು ಮಾತಿದೆ, ಹೆಚ್ಚಿನವರು ಗಮನಿಸಿಲ್ಲ. ಯಾವ ವಿಷಯದವರೇ ಆಗಲಿ, ಪಿಎಚ್‌ಡಿ ಅವಧಿಯಲ್ಲಿ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದಂಥ ಕೆಲಸ ವಹಿಸಬಹುದು. ಎಷ್ಟೋ ಕಡೆ ಇದು ಬರೀ "ಆ ಕ್ಲಾಸ್ ನೀನು ತಗೊಂಡುಬಿಡು" ಅನ್ನುವ ಮಟ್ಟಕ್ಕೆ ನಿಂತಿದೆ. ಪಾಠ ಮಾಡಿಸಿ, ಹಿಂದಿನ ಬೆಂಚಿನಲ್ಲಿ ಕೂತು ಕೇಳಿ, ಆಮೇಲೆ ಎಲ್ಲಿ ಸರಿಯಾಯಿತು, ಎಲ್ಲಿ ಮಕ್ಕಳಿಗೆ ತಲುಪಲಿಲ್ಲ ಅಂತ ಹೇಳಿದರೆ ಮಾತ್ರ ಅದು ತರಬೇತಿ. ನಾನು ಎರಡು ವರ್ಷದಿಂದ ಹಾಗೆ ಮಾಡುತ್ತಿದ್ದೇನೆ.

ಕೆರೆಏರಿ ಅವರೇ, ನಿಮ್ಮ ಗೈಡ್ ಹತ್ತಿರ "ಕಾರ್ಯಾಗಾರಕ್ಕೆ ಹೋಗಲಾ?" ಅಂತ ಕೇಳಬೇಡಿ. ಒಂದು ಹಾಳೆ ತಗೊಂಡು ಹೋಗಿ. ಈ ಚಾಪ್ಟರ್‌ನಲ್ಲಿ ಇಷ್ಟು ಶಾಸನ ಇವೆ, ಇವುಗಳಲ್ಲಿ ಇಷ್ಟರ ಅಚ್ಚಾದ ಪಾಠದಲ್ಲಿ ಅಕ್ಷರ ಬಿಟ್ಟುಹೋಗಿವೆ, ಓದಲು ಕಲಿತರೆ ಇದನ್ನು ತುಂಬಬಹುದು, ಇಷ್ಟು ವಾರ ಬೇಕು, ಇಂಥ ದಿನ ಇಷ್ಟು ಪುಟ ತಂದುಕೊಡುತ್ತೇನೆ. ಇಷ್ಟು ಬರೆದುಕೊಂಡು ಬಂದ ವಿದ್ಯಾರ್ಥಿಗೆ ನಾನು ಬೇಡ ಅನ್ನಲಾರೆ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ಹೇಳುತ್ತೀರಲ್ಲ, ಆ ವರದಿಯಲ್ಲೂ ಇದನ್ನು ಸೇರಿಸಿ. ಆಗ ಅದು ನಿಮ್ಮ ಕೆಲಸದ ಭಾಗ ಅಂತಲೇ ದಾಖಲಾಗುತ್ತದೆ.

ಕೆರೆಏರಿ

ಸರ್, ತುಂಬಾ ಧನ್ಯವಾದ. ಇದನ್ನು ಓದಿ ಕಣ್ಣು ತುಂಬಿತು. ನಮ್ಮ ಸರ್ ಕೂಡ ಹೀಗೆ ಯಾವುದೋ ಕಾರಣಕ್ಕೇ ಹೇಳಿರಬಹುದು ಅಂತ ಈಗ ಅನಿಸುತ್ತಿದೆ. ಹಾಳೆ ಇವತ್ತೇ ಬರೆಯುತ್ತೇನೆ.

ಅಕ್ಷರಜೋಡಣೆ (ಗ್ರಂಥಾಲಯ ವಿಜ್ಞಾನ)

ಶಾಸನ, ಅಂಕಿಅಂಶ ಎಲ್ಲಾ ಆಯಿತು. ಕನ್ನಡದಲ್ಲಿ ಥೀಸಿಸ್ ಬರೆಯುವವರಿಗೆ ನಾನು ಒಂದು ವಿದ್ಯೆ ಕಲಿಯಿರಿ ಅಂತ ಕೈಮುಗಿದು ಕೇಳುತ್ತೇನೆ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಅರ್ಥವಾಗುವ ಸಂಕೇತದಲ್ಲಿ, ನೀವೇ ಟೈಪ್ ಮಾಡುವುದು.

ನಮ್ಮಲ್ಲಿ ಏನಾಗುತ್ತದೆ ನೋಡಿ. ಕೈಬರಹದಲ್ಲಿ ಬರೆದು ಡಿಟಿಪಿ ಸೆಂಟರ್‌ಗೆ ಕೊಡುತ್ತೇವೆ. ಅವರು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ. ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಕಂಪ್ಯೂಟರ್ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನುಡಿಯಲ್ಲಿ "ಕನ್ನಡ" ಅಂತ ಬರೆದದ್ದನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿ, ಮಧ್ಯದಲ್ಲಿ ಪೌಂಡ್ ಚಿಹ್ನೆ ಬರುತ್ತದೆ. ಫಾಂಟ್ ಹೋದರೆ ಭಾಷೆಯೇ ಹೋಯಿತು.

ಈಗ ಇದೇ ಫೈಲ್ ಶೋಧಗಂಗಾ ಅನ್ನುವ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹಕ್ಕೆ ಹೋಗುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಆ ಸಂಗ್ರಹದಲ್ಲಿ ನಮ್ಮ ಥೀಸಿಸ್ ಯಾರು ಬೇಕಾದರೂ ಓದಬಹುದು. ಆದರೆ ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಇನ್ನು ಹತ್ತು ವರ್ಷ ಆದಮೇಲೆ ಒಬ್ಬ ವಿದ್ಯಾರ್ಥಿ "ಬಿತ್ತುವಟ್ಟ" ಅಂತ ಹುಡುಕಿದರೆ, ಕೆರೆಏರಿ ಅವರು ಅದರ ಮೇಲೆ ಐವತ್ತು ಪುಟ ಬರೆದಿದ್ದರೂ ಅವನಿಗೆ ಕಾಣುವುದಿಲ್ಲ. ಐದು ವರ್ಷದ ದುಡಿಮೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟ ಹಾಗೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ. ದಿನಾ ಇಂಥ ಫೈಲ್‌ಗಳನ್ನು ನೋಡುತ್ತೇನೆ.

ಒಳ್ಳೆಯ ಸುದ್ದಿ ಏನೆಂದರೆ ಕಲಿಯಲು ಜಾಸ್ತಿ ದಿನ ಬೇಡ. ನುಡಿ ಕೀಲಿಮಣೆ ಗೊತ್ತಿದ್ದವರು ಬೆರಳು ಬದಲಿಸಬೇಕಾಗಿಲ್ಲ, ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು. ಹೊಸಬರು ದಿನಕ್ಕೆ ಅರ್ಧ ಗಂಟೆಯಂತೆ ಮೂರು ವಾರ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಈಗಾಗಲೇ ನುಡಿಯಲ್ಲಿ ಟೈಪ್ ಆಗಿರುವುದನ್ನು ಬದಲಿಸಲು ಉಚಿತ ಕನ್ವರ್ಟರ್‌ಗಳಿವೆ. ಆದರೆ ಇಡೀ ಥೀಸಿಸ್ ಒಮ್ಮೆಗೇ ಹಾಕಬೇಡಿ. ಮಧ್ಯದಲ್ಲಿ ಇರುವ ಇಂಗ್ಲಿಷ್ ಪದಗಳನ್ನೂ ಅದು ನುಡಿ ಸಂಕೇತ ಅಂತ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಜಾಗ ತಪ್ಪುತ್ತವೆ. ಒಂದೊಂದು ಚಾಪ್ಟರ್ ಹಾಕಿ, ಕೂತು ಓದಿ, ತಿದ್ದಿ, ಆಮೇಲೆ ಮುಂದಿನದು.

ಅಡಿಟಿಪ್ಪಣಿಗೆ ಝೊಟೆರೊ ಅನ್ನುವ ಸಾಫ್ಟ್‌ವೇರ್ ಬಳಸಿ, ಉಚಿತ. ಕನ್ನಡದಲ್ಲಿ ಒಂದು ತೊಡಕು ಬರುತ್ತದೆ. ಅದು ಹೆಸರನ್ನು ಎರಡು ಭಾಗ ಮಾಡಿ ಕೇಳುತ್ತದೆ. ಎಂ. ಚಿದಾನಂದಮೂರ್ತಿ ಅಂದರೆ ಯಾವುದು ಮೊದಲ ಹೆಸರು, ಯಾವುದು ಮನೆತನದ ಹೆಸರು? ನಮ್ಮಲ್ಲಿ ಆ ಪದ್ಧತಿಯೇ ಇಲ್ಲ ಅಲ್ವಾ. ಹೆಸರಿನ ಪಕ್ಕದಲ್ಲಿರುವ ಚಿಕ್ಕ ಗುಂಡಿ ಒತ್ತಿದರೆ ಎರಡೂ ಸೇರಿ ಒಂದೇ ಜಾಗ ಆಗುತ್ತದೆ. ಅಲ್ಲಿ "ಚಿದಾನಂದಮೂರ್ತಿ ಎಂ." ಅಂತ ನಿಮ್ಮ ವಿಭಾಗದ ಪದ್ಧತಿಯಂತೆ ಬರೆದುಬಿಡಿ. ಮೊದಲ ಪುಸ್ತಕದಿಂದಲೇ ಹೀಗೆ ಮಾಡಿಕೊಂಡು ಹೋದರೆ ಕೊನೆಯಲ್ಲಿ ಗ್ರಂಥಋಣ ಒಂದು ಕ್ಲಿಕ್‌ನಲ್ಲಿ ಬರುತ್ತದೆ.

ತೊಗರಿನಾಡು

ಮೇಡಂ, ನನ್ನ ಎರಡು ಚಾಪ್ಟರ್ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲೇ ಇವೆ. ನಾಳೆನೇ ಪೆನ್‌ಡ್ರೈವ್ ತಗೊಂಡು ಹೋಗ್ತೀನ್ರಿ.

ದೂರದೂರು (ಇಂಗ್ಲೆಂಡ್‌ನಲ್ಲಿ ಪಿಎಚ್‌ಡಿ, ಊರು ಶಿವಮೊಗ್ಗ)

ಇಲ್ಲಿಯ ವ್ಯವಸ್ಥೆ ಬಗ್ಗೆ ಸ್ವಲ್ಪ ಹೇಳುತ್ತೇನೆ, ಹೋಲಿಕೆಗಲ್ಲ, ಏನನ್ನು ತಗೋಬಹುದು ಅಂತ ನೋಡಲು. ಇಲ್ಲೂ ಮೊದಲು ಗೈಡ್ ಹೇಳಿಕೊಟ್ಟದ್ದೇ ಎಲ್ಲಾ ಆಗಿತ್ತು. 2002ರಲ್ಲಿ ಸರ್ ಗ್ಯಾರೆತ್ ರಾಬರ್ಟ್ಸ್ ಅನ್ನುವವರು ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎರಡು ವಾರವಾದರೂ ಕೌಶಲ ತರಬೇತಿ ಇರಬೇಕು ಅಂದರು. ಅದಕ್ಕೆ ಪ್ರತ್ಯೇಕ ಹಣವೂ ಬಂತು. ಆಮೇಲೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇಂಥ ತರಬೇತಿಗೆಂದೇ ಜನ ಬಂದರು. ಅಂದರೆ ಇಲ್ಲಿಯೂ ಇದು ತಾನಾಗಿ ಆದದ್ದಲ್ಲ, ಯಾರೋ ಬರೆದು ಕೇಳಿದ ಮೇಲೆ ಆದದ್ದು.

ನನಗೆ ತುಂಬಾ ಉಪಯೋಗ ಆದದ್ದು ಎರಡು. ಒಂದು, ಮೂರು ನಿಮಿಷದಲ್ಲಿ ಥೀಸಿಸ್ ಹೇಳುವ ಸ್ಪರ್ಧೆ. ಒಂದೇ ಸ್ಲೈಡ್, ಮೂರೇ ನಿಮಿಷ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಆಗ ಅಲ್ಲಿ ಭಾರೀ ಬರಗಾಲ. ನೀರು ಉಳಿಸಲಿ ಅಂತ ಜನ ಬಚ್ಚಲುಮನೆಯಲ್ಲಿ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿದ್ದರಂತೆ, ಅದನ್ನು ನೋಡಿ ಹೊಳೆದ ಯೋಚನೆ ಇದು. ನಾನು ಮೊದಲು ಅಭ್ಯಾಸ ಮಾಡಿದ್ದು ಫೋನಿನಲ್ಲಿ ಅಮ್ಮನ ಹತ್ತಿರ, ಕನ್ನಡದಲ್ಲಿ. ಅಮ್ಮ ಏಳನೇ ಕ್ಲಾಸ್ ಓದಿದವರು. ಅವರು "ಹಾಗಾದ್ರೆ ಇದರಿಂದ ಯಾರಿಗೆ ಏನಾಗುತ್ತೆ?" ಅಂತ ಕೇಳಿದರು. ನನ್ನ ಪೀಠಿಕೆಯ ಮೊದಲ ಪುಟವನ್ನು ಅವತ್ತೇ ಬದಲಿಸಿದೆ.

ಇನ್ನೊಂದಕ್ಕೆ ಕಾಸೂ ಬೇಡ. ವಾರಕ್ಕೊಂದು ಬೆಳಿಗ್ಗೆ ಏಳೆಂಟು ಜನ ಒಂದು ರೂಮಿನಲ್ಲಿ ಸೇರುತ್ತೇವೆ. ಫೋನ್ ಬ್ಯಾಗಿನೊಳಗೆ. ಐವತ್ತು ನಿಮಿಷ ಸುಮ್ನೆ ಬರೆಯುವುದು, ಹತ್ತು ನಿಮಿಷ ಚಹಾ, ಮತ್ತೆ ಐವತ್ತು ನಿಮಿಷ. ಪಾಠ ಇಲ್ಲ, ಭಾಷಣ ಇಲ್ಲ. ಹಾಸ್ಟೆಲ್‌ನ ಓದುವ ಕೋಣೆಯಲ್ಲಿ ನಾಳೆಯೇ ಶುರು ಮಾಡಬಹುದು.

ಚಿನ್ನದಗಣಿ

ನಾನು ಪಿಎಚ್‌ಡಿ ಅಲ್ಲ, ಶಾಸನ ಓದುವುದು ಹವ್ಯಾಸ. ಕೆಜಿಎಫ್‌ನವನು, ಮನೆಮಾತು ತಮಿಳು. ಕೆರೆಏರಿ ಅವರಿಗೆ ಎರಡು ಮಾತು. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನವರ ಶಾಸನಶಾಸ್ತ್ರ ಡಿಪ್ಲೊಮಾ ಇದೆ, ನಾನು ಅಲ್ಲೇ ಕಲಿತದ್ದು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅವರ ಕೆಲಸ ನೋಡಿ. ಕಣ್ಣಿಗೆ ಕಾಣದ ಅಕ್ಷರ ಅಲ್ಲಿ ಕಾಣುತ್ತದೆ.

ಕಲ್ಲಿನ ಹತ್ತಿರ ಹೋದಾಗ ಹಿಟ್ಟು, ಸುಣ್ಣ ಏನೂ ಸವರಬೇಡಿ, ಕಲ್ಲು ಹಾಳಾಗುತ್ತದೆ. ಕತ್ತಲಾದ ಮೇಲೆ ಹೋಗಿ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಸವೆದ ಗೆರೆಯಲ್ಲೂ ನೆರಳು ಬೀಳುತ್ತದೆ. ನಾಲ್ಕೂ ದಿಕ್ಕಿನಿಂದ ಬೆಳಕು ಹಿಡಿದು ನಾಲ್ಕು ಫೋಟೋ ತೆಗೆಯಿರಿ. ತಮಿಳು ಗೊತ್ತಿದ್ದ ಮಾತ್ರಕ್ಕೆ ಚೋಳರ ಕಾಲದ್ದು ಓದಲು ಬರುವುದಿಲ್ಲ, ಅಕ್ಷರ ಬೇರೆ, ನಡುವೆ ಸಂಸ್ಕೃತ ಪದಗಳಿಗೆ ಬಳಸುತ್ತಿದ್ದ ಗ್ರಂಥ ಲಿಪಿ ಬರುತ್ತದೆ. ನನಗೆ ಎರಡು ವರ್ಷ ಹಿಡಿಯಿತು. ನಿಮ್ಮ ತಮಿಳು ಶಾಸನಗಳ ಫೋಟೋ ಕಳಿಸಿದರೆ ಜೊತೆಗೆ ಕೂತು ಓದೋಣ. ಎಲ್ಲವನ್ನೂ ನೀವೊಬ್ಬರೇ ಕಲಿಯಬೇಕು ಅಂತೇನಿಲ್ಲವಲ್ಲ.

ಕೆರೆಏರಿ (ಏಳು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಏನೇನಾಯಿತು ಅಂತ ಹೇಳಲೇಬೇಕು.

ಹಾಳೆ ಬರೆದುಕೊಂಡು ಗೈಡ್ ಹತ್ತಿರ ಹೋದೆ. ಅವರು ಪೂರ್ತಿ ಓದಿದರು. "ಇಷ್ಟು ದಿನ ಯಾಕೆ ಹೀಗೆ ಕೇಳಲಿಲ್ಲ?" ಅಂದರು. ಆಮೇಲೆ ತಮ್ಮ ಕಪಾಟಿನಿಂದ ಒಂದು ಹಳೆಯ ಪಡಿಯಚ್ಚು ತೆಗೆದು ಮೇಜಿನ ಮೇಲೆ ಹರಡಿದರು. ಅವರೇ ಮೂವತ್ತು ವರ್ಷದ ಹಿಂದೆ ತೆಗೆದದ್ದು. ಒದ್ದೆ ಕಾಗದ ಕಲ್ಲಿಗೆ ಹಚ್ಚಿ, ಬ್ರಶ್‌ನಿಂದ ಬಡಿದು, ಮಸಿ ಒತ್ತುವುದನ್ನು ವಿವರಿಸಿದರು. ಅವರಿಗೆ ಇದು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈಗ ಪ್ರತಿ ಶನಿವಾರ ಎರಡು ಗಂಟೆ ಅವರ ಜೊತೆ ಲಿಪಿ ಓದುತ್ತೇನೆ. ನಮ್ಮ ವಿಭಾಗದ ಇನ್ನಿಬ್ಬರೂ ಸೇರಿದ್ದಾರೆ.

ನಕ್ಷೆಗೆ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ, ವಿಡಿಯೋ ನೋಡಿಕೊಂಡು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹಾಕಿ, ಸಂಪುಟದಲ್ಲಿರುವ ಊರುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದೇನೆ. ಇದು ಅಂದುಕೊಂಡಷ್ಟು ಸುಲಭ ಇಲ್ಲ. 1905ರಲ್ಲಿ ಬೌರಿಂಗ್‌ಪೇಟೆ ಅಂತ ಇದ್ದದ್ದು ಈಗ ಬಂಗಾರಪೇಟೆ. ಆಗ ಕೋಲಾರ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲಾ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಒಂದೇ ಹೆಸರಿನ ಊರು ಎರಡೆರಡು ಇವೆ. ಒಂದು ಕೆರೆ ಶಾಸನವನ್ನು ನಾನು ಒಂದೂವರೆ ವರ್ಷದಿಂದ ತಪ್ಪು ಊರಿಗೆ ಸೇರಿಸಿಕೊಂಡು ಬರೆದಿದ್ದೆ. ನಕ್ಷೆಯಲ್ಲಿ ಬಿಂದು ಇಟ್ಟಾಗ ಹತ್ತಿರ ಕೆರೆಯೇ ಕಾಣಲಿಲ್ಲ. ಅದೇ ಹೆಸರಿನ ಇನ್ನೊಂದು ಊರು ಹನ್ನೊಂದು ಕಿಲೋಮೀಟರ್ ಆಚೆ ಸಿಕ್ಕಿತು, ಅಲ್ಲಿ ಕೆರೆ ಇದೆ, ಏರಿ ಇದೆ. ಕಲ್ಲು ಇದೆಯಾ ಅಂತ ಹೋಗಿ ನೋಡಬೇಕು. ಊರು ಮುಳಬಾಗಿಲು ಕಡೆ.

ಯೂನಿಕೋಡ್ ಟೈಪಿಂಗ್ ನಿಧಾನ, ಆದರೆ ಈ ಪೋಸ್ಟ್ ಪೂರ್ತಿ ನಾನೇ ಟೈಪ್ ಮಾಡಿದ್ದು.

ಚಿನ್ನದಗಣಿ ಅಣ್ಣಾ, ಮುಂದಿನ ಭಾನುವಾರ ಬಿಡುವಿದೆಯಾ? ಸಂಪುಟದ ಪ್ರಕಾರ ಆ ಶಾಸನ ಅರ್ಧ ಕನ್ನಡ, ಅರ್ಧ ತಮಿಳು.

ಚಿನ್ನದಗಣಿ

ಬನ್ನಿ. ಮಧ್ಯಾಹ್ನ ಮೂರಕ್ಕೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಇರ್ತೀನಿ. ಎರಡು ಟಾರ್ಚ್ ತರುತ್ತೇನೆ. ಕಲ್ಲು ಹುಡುಕಲು ಬೆಳಕು ಬೇಕು, ಓದಲು ಕತ್ತಲು ಬೇಕು. ಮನೆಯಲ್ಲಿ ವಾಪಸ್ ಬರುವುದು ರಾತ್ರಿ ಆಗುತ್ತೆ ಅಂತ ಹೇಳಿ ಬನ್ನಿ. ನನ್ನ ತಂಗಿಯೂ ಜೊತೆಗೆ ಬರುತ್ತಾಳೆ.

ಹಳೆಬೆಂಚು

ಫೋಟೋ ಇಲ್ಲಿ ಹಾಕಿ. ನನ್ನ ವಿದ್ಯಾರ್ಥಿಗಳಿಗೂ ತೋರಿಸುತ್ತೇನೆ.